ಬಾಲವೇ ನೀರಾದ ಮಕರ

ನಮ್ಮ ಕಡೆ ಬಟ್ಟೆಯ ಮೇಲಿನ ಮಣಿ ಕೆಲಸವೆಂದರೆ ಮದುವೆ ರವಿಕೆಯ ತೋಳು, ಹೆಚ್ಚೆಂದರೆ ಬೆನ್ನು. ಮೈಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಡ್ಡ (ಬಟ್ಟೆ ಬಿಗಿಯುವ ಚೌಕಟ್ಟು) ಹೂಡಿಕೊಂಡು ನಾನು ಹನ್ನೊಂದು ವರ್ಷದಿಂದ ಮಗ್ಗಂ ವರ್ಕ್ ಮಾಡುತ್ತಿದ್ದೇನೆ. ಇಷ್ಟು ಕಾಲದಲ್ಲಿ ನನ್ನ ಕೈಯಿಂದ ಹೊರಬಿದ್ದ ನವಿಲು, ಆನೆ, ಕಮಲ, ಪಲ್ಲಕ್ಕಿಗಳ ಲೆಕ್ಕವನ್ನು ನಾನು ಇಟ್ಟಿಲ್ಲ. ಅವುಗಳಲ್ಲಿ ಒಂದೂ ನನ್ನ ಬಳಿ ಉಳಿದಿಲ್ಲ. ಮುಹೂರ್ತಕ್ಕೆ ಎರಡು ದಿನವಿರುವಾಗ ಬಂದು ಒಯ್ಯುವವರು ಆಮೇಲೆ ಫೋಟೊ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾರ ತೋಳಿಗೂ ಅಲ್ಲದ, ಯಾವ ಮುಹೂರ್ತಕ್ಕೂ ಕಟ್ಟುಬೀಳದ ಒಂದು ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ನನಗೆ ಮೊದಲ ಬಾರಿಗೆ ಅನಿಸಿದ್ದು ಸೋಮನಾಥಪುರದಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ.

ಊರಿಂದ ಬಂದಿದ್ದ ನೆಂಟರಿಗೆ ಗುಡಿ ತೋರಿಸಲು ಹೋಗಿದ್ದೆವು. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ ಈ ಕೇಶವ ದೇವಾಲಯವನ್ನು ನಾನು ಚಿಕ್ಕಂದಿನಿಂದ ಹಲವು ಸಲ ನೋಡಿದ್ದೆ. ಆದರೆ ಎಲ್ಲರಂತೆ ಗೋಡೆಯ ನಡುವಿನ ದೊಡ್ಡ ಮೂರ್ತಿಗಳನ್ನಷ್ಟೇ ನೋಡಿ, ಒಳಗೆ ಹೋಗಿ ಒಳಛಾವಣಿಯ ಕೆತ್ತನೆಗಳಾದ ಭುವನೇಶ್ವರಿಗಳತ್ತ ಕತ್ತೆತ್ತಿ, ಹೊರಗೆ ಬರುತ್ತಿದ್ದೆ. ಆ ದಿನ ಬಿಸಿಲಿಗೆ ಗುಡಿ ನಿಂತ ಜಗಲಿಯ, ಅಂದರೆ ಜಗತಿಯ, ಕಲ್ಲು ಹೆಂಚಿನಂತೆ ಕಾದಿತ್ತು. ಬರಿಗಾಲಿನಲ್ಲಿ ನಿಲ್ಲಲಾರದೆ, ಗೋಡೆಯ ಬುಡದಲ್ಲಿ ಒಂದು ಅಡಿಯಷ್ಟು ಅಗಲಕ್ಕೆ ಉಳಿದಿದ್ದ ನೆರಳಿನ ಪಟ್ಟಿಗೆ ಮೈಯಾನಿಸಿ ನಿಂತೆ. ಮುಖ ಗೋಡೆಗೆ ಅಷ್ಟು ಹತ್ತಿರವಾದಾಗ ದೊಡ್ಡ ಮೂರ್ತಿಗಳು ಕಾಣುವುದಿಲ್ಲ, ಬುಡದ ಪಟ್ಟಿಕೆಗಳು ಮಾತ್ರ ಕಾಣುತ್ತವೆ. ಗರ್ಭಗುಡಿಗಳ ಸುತ್ತ ಓಡುವ ಆ ಆರು ಸಾಲುಗಳಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳು, ಅವುಗಳ ಮೇಲೆ ಕುದುರೆ ಸವಾರರು, ಆಮೇಲೆ ಬಳ್ಳಿ, ಬಳ್ಳಿಯ ಮೇಲೆ ಪುರಾಣದ ಕಥೆಗಳು, ಕಥೆಗಳ ಮೇಲೆ ಮಕರಗಳು, ಕೊನೆಗೆ ಹಂಸಗಳು. ಬಾಗುವ ಗೋಜಿಲ್ಲದೆ ನೋಡಬಹುದಾಗಿದ್ದದ್ದು ಮಕರದ ಸಾಲು. ಹಾಗಾಗಿ ಅದನ್ನೇ ನೋಡುತ್ತ ನಿಂತೆ.

ಪಕ್ಕದಲ್ಲಿ ಬೇರೊಂದು ಗುಂಪಿಗೆ ವಿವರಿಸುತ್ತಿದ್ದ ಗೈಡು ಬೆರಳು ಮಡಿಸುತ್ತ ಹೇಳುತ್ತಿದ್ದರು: ಮಕರವೆಂದರೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಕೋತಿಯ ಕಣ್ಣು, ಹಸುವಿನ ಕಿವಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ. ಈ ಪಟ್ಟಿ ಗೈಡಿನಿಂದ ಗೈಡಿಗೆ ತುಸು ಬದಲಾಗುತ್ತದೆ ಎಂಬುದನ್ನು ಹಳೇಬೀಡಿಗೆ ಹೋದವರು ಬಲ್ಲರು. ಮಕರ ಗಂಗೆಯ ವಾಹನ, ವರುಣನ ವಾಹನ, ಮನ್ಮಥನ ಧ್ವಜದ ಗುರುತು. ವಿಷ್ಣುವಿನ ಕಿವಿಯ ಕುಂಡಲವೂ ಅದೇ, ಅಭಿಷೇಕದ ನೀರು ಹೊರಬೀಳುವ ಪ್ರಣಾಳಕ್ಕೂ ಎಷ್ಟೋ ಕಡೆ ಅದರದೇ ಮುಖ. ನೀರಿಗೆ ಸಂಬಂಧಿಸಿದ ಇಷ್ಟೆಲ್ಲ ಕೆಲಸ ಹೊತ್ತ ಪ್ರಾಣಿಯ ಸುತ್ತ ಈ ಪಟ್ಟಿಕೆಯಲ್ಲಿ ಒಂದು ಹನಿ ನೀರನ್ನೂ ಕೆತ್ತಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು. ಅಲೆಯಿಲ್ಲ, ಮೀನಿಲ್ಲ, ತಾವರೆ ಎಲೆಯಿಲ್ಲ. ಹಾಗಿದ್ದೂ ಸಾಲಿಗೆ ಸಾಲೇ ಈಜುತ್ತಿರುವಂತೆ ಕಂಡದ್ದು ಹೇಗೆಂದು ಒಂದೊಂದಾಗಿ ನೋಡುತ್ತ ಹೋದೆ. ಹಿಂಗಾಲಿನವರೆಗೆ ಮಾಂಸ, ಮೂಳೆ, ಉಗುರು ಎಲ್ಲವೂ ಇರುವ ಪ್ರಾಣಿ ಬಾಲದ ಬುಡಕ್ಕೆ ಬಂದೊಡನೆ ಬಿಚ್ಚಿಕೊಂಡು ಸುರುಳಿಯಾಗುತ್ತದೆ. ಆ ಸುರುಳಿ ಬಳ್ಳಿಯೂ ಹೌದು, ಗರಿಯೂ ಹೌದು, ಸುಳಿಯೂ ಹೌದು. ಶಿಲ್ಪಿ ನೀರನ್ನು ಬಿಟ್ಟಿರಲಿಲ್ಲ, ಬಾಲದಲ್ಲಿ ಇಟ್ಟಿದ್ದ. ಅದನ್ನು ಮಣಿಯಲ್ಲಿ ಮಾಡಬಹುದೆಂದು ಅಲ್ಲೇ ಅನಿಸಿತು. ಗಾಜಿನ ಮಣಿಗಿಂತ ನೀರಿಗೆ ಹತ್ತಿರವಾದ ವಸ್ತು ನನ್ನ ಕಸುಬಿನಲ್ಲಿ ಬೇರೆ ಇಲ್ಲ.

ಮೊಬೈಲಿನಲ್ಲಿ ಹಿಡಿದ ಚಿತ್ರಗಳನ್ನು ಇಟ್ಟುಕೊಂಡು ಒಂದು ವಾರ ಬರೆದೆ, ಅಳಿಸಿದೆ. ಚಿತ್ರ ಎಷ್ಟು ಸಲ ಬರೆದರೂ ರವಿಕೆಯ ಆನೆಗೆ ಬಾಯಿ ಹರಿದಂತೆ ಕಾಣುತ್ತಿತ್ತು. ಮೊಸಳೆಯ ದವಡೆಯನ್ನು ನಾನು ಸರಿಯಾಗಿ ನೋಡಿಯೇ ಇಲ್ಲ ಎಂಬುದು ಅರಿವಾಗಿ, ಒಂದು ಬೆಳಿಗ್ಗೆ ರಂಗನತಿಟ್ಟಿಗೆ ಹೋದೆ. ಎಲ್ಲರೂ ಕೊಕ್ಕರೆಗಳಿಗಾಗಿ ದೋಣಿ ಹತ್ತುವ ಜಾಗದಲ್ಲಿ ನಾನು ಮೊಸಳೆಗಳನ್ನೇ ತೋರಿಸಿರೆಂದು ಕೇಳಿದ್ದಕ್ಕೆ ಅಂಬಿಗರು ನಕ್ಕು, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಒಂದರ ಹತ್ತಿರಕ್ಕೆ ದೋಣಿ ತಂದು ಹುಟ್ಟು ನಿಲ್ಲಿಸಿದರು. "ಕೋಪ ಅಲ್ಲಕ್ಕ ಅದು, ಸೆಕೆ. ಬಾಯಿ ತೆಗೆದು ಮೈ ತಣ್ಣಗೆ ಮಾಡ್ಕೊತದೆ" ಎಂದರು. ಆ ಅರ್ಧ ಗಂಟೆಯಲ್ಲಿ ನನಗೆ ಬೇಕಾದದ್ದು ಮೂರು ಸಿಕ್ಕವು. ಹಲ್ಲುಗಳು ಒಂದೇ ಅಳತೆಯವಲ್ಲ, ಸಾಲೂ ನೇರವಲ್ಲ. ಬಾಯಿ ಮುಚ್ಚಿದಾಗಲೂ ಕೆಳದವಡೆಯ ಒಂದು ಹಲ್ಲು ಹೊರಗೆ ಕಾಣುತ್ತದೆ. ಬೆನ್ನಿನ ಗುಬುಟುಗಳು ಚೆಲ್ಲಾಪಿಲ್ಲಿಯಾಗಿಲ್ಲ, ಉದ್ದಕ್ಕೂ ಅಡ್ಡಕ್ಕೂ ಸಾಲು ಹಿಡಿದಿವೆ. ಒದ್ದೆ ಮೈಯ ಮೊಸಳೆ ಮಿನುಗುತ್ತದೆ, ಒಣಗಿದ್ದು ಕಲ್ಲಿನ ಬಣ್ಣಕ್ಕೆ ತಿರುಗಿ ಬಂಡೆಯಲ್ಲಿ ಕರಗಿಹೋಗುತ್ತದೆ. ಕೆಲಸದ ಇಡೀ ಯೋಜನೆ ಈ ಮೂರನೆಯ ಸಂಗತಿಯಿಂದಲೇ ಹುಟ್ಟಿತು. ತಲೆ ಒಣಗಿದ ಕಲ್ಲಾಗಿರಬೇಕು, ಬಾಲ ಒದ್ದೆಯಾಗಿರಬೇಕು, ನಡುವಿನ ಮೈಯಲ್ಲಿ ಎಲ್ಲಿ ಒಣಗಿದ್ದು ಮುಗಿದು ಒದ್ದೆ ಶುರುವಾಯಿತೆಂದು ಬೆರಳಿಟ್ಟು ತೋರಿಸಲು ಆಗಬಾರದು.

ಚಿತ್ರವನ್ನು 24 ಸೆಂಟಿಮೀಟರ್ ಅಗಲ, 16 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲಿಸಿದೆ. ಬಟರ್ ಪೇಪರಿನ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿ ಪುಡಿಯನ್ನು ಬಟ್ಟೆಯ ಚೂರಿನಿಂದ ಒರೆಸಿದರೆ ಕೆಳಗಿನ ಬಟ್ಟೆಗೆ ಚುಕ್ಕಿಚುಕ್ಕಿಯಾಗಿ ಗೆರೆ ಇಳಿಯುತ್ತದೆ. ಇದು ನಮ್ಮಲ್ಲಿ ದಿನವೂ ನಡೆಯುವ ಕೆಲಸ. ಬಟ್ಟೆಯ ಆಯ್ಕೆಯಲ್ಲಿ ಮಾತ್ರ ರೂಢಿ ಬಿಡಬೇಕಾಯಿತು. ರವಿಕೆಯ ರೇಷ್ಮೆ ಗಾಜಿನ ಭಾರಕ್ಕೆ ಜಗ್ಗುತ್ತದೆ. ಆದ್ದರಿಂದ ದಪ್ಪ ನೂಲಿನ ಬಿಳಿ ಖಾದಿಯನ್ನು ತೆಗೆದುಕೊಂಡು, ಅದರ ಅಡಿಗೆ ದರ್ಜಿಗಳು ಕಾಲರಿಗೆ ಬಳಸುವ ಗಟ್ಟಿ ಕ್ಯಾನ್ವಾಸ್ ಕೊಟ್ಟು, ಎರಡನ್ನೂ ಸೇರಿಸಿ ಸಣ್ಣ ಅಡ್ಡಕ್ಕೆ ಬಿಗಿದೆ. ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು ಬರುವಷ್ಟು ಬಿಗಿ ಬೇಕು.

ಆರಿ ಸೂಜಿಯನ್ನು ಕೆಳಗಿಟ್ಟದ್ದು ನನಗೆ ಹೆಚ್ಚು ಕಷ್ಟದ ತೀರ್ಮಾನವಾಗಿತ್ತು. ಆರಿಯಲ್ಲಿ ವೇಗವಿದೆ. ಕೊಕ್ಕೆಸೂಜಿಯ ಮೇಲೆಯೇ ಮಣಿ ಪೋಣಿಸಿಕೊಂಡು ಬಟ್ಟೆಯ ಅಡಿಯಿಂದ ದಾರ ಎಳೆಯುತ್ತ ಹೋದರೆ ಒಂದು ತೋಳಿನ ಅಂಚು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಆದರೆ ಅದು ಸರಪಳಿ ಹೊಲಿಗೆ. ಎಲ್ಲೋ ಒಂದು ಕಡೆ ದಾರ ಕಡಿದು ತುದಿ ಸಿಕ್ಕರೆ ಇಡೀ ಸಾಲು ಬಿಚ್ಚಿಕೊಂಡು ಬರುತ್ತದೆ. ಮದುವೆ ಮಂಟಪದಲ್ಲಿ ಹೀಗೆ ಮಣಿ ಉದುರಿಸಿಕೊಂಡವರ ಫೋನು ನನಗೂ ಬಂದಿದೆ. ಗೋಡೆಯ ಮೇಲೆ ವರ್ಷಗಟ್ಟಲೆ ನಿಲ್ಲಬೇಕಾದ, ಒತ್ತೊತ್ತಾಗಿ ಮಣಿ ತುಂಬುವ ಕೆಲಸಕ್ಕೆ ಸಾದಾ ಸಣ್ಣ ಸೂಜಿ, ಜೇನುಮೇಣ ಸವರಿದ ನೈಲಾನ್ ದಾರ ಮತ್ತು ಬ್ಯಾಕ್‌ಸ್ಟಿಚ್ಚೇ ಸರಿ. ನಾಲ್ಕು ಮಣಿ ಪೋಣಿಸಿ ಬಟ್ಟೆಯೊಳಗೆ ಇಳಿಯಬೇಕು, ಎರಡು ಮಣಿ ಹಿಂದಕ್ಕೆ ಮೇಲೆದ್ದು ಆ ಎರಡರೊಳಗೆ ಮತ್ತೆ ದಾರ ಹಾಯಿಸಬೇಕು. ಹೀಗೆ ಪ್ರತಿ ಹೆಜ್ಜೆಗೂ ಅರ್ಧ ಹಿಂದೆ ಬರುತ್ತ ಸಾಗುವುದರಿಂದ, ಎಲ್ಲಾದರೂ ದಾರ ಕಡಿದರೆ ಅಲ್ಲಿನ ನಾಲ್ಕೈದು ಮಣಿ ಹೋಗಬಹುದು, ಸಾಲು ಹೋಗುವುದಿಲ್ಲ.

ಮಣಿಗಳಿಗೆ ಬೆಂಗಳೂರಿಗೆ ಹೋದೆ. ಚಿಕ್ಕಪೇಟೆಯ ಆಸುಪಾಸಿನ ಗಲ್ಲಿಗಳಲ್ಲಿ ಮಣಿಯನ್ನು ತೂಕದಲ್ಲಿ ಕೊಡುವ ಅಂಗಡಿಗಳಿವೆ. ನಮ್ಮ ದಿನದ ಕೆಲಸಕ್ಕೆ ಅವೇ ಸಾಕು. ಆದರೆ ಅಲ್ಲಿ ಸಿಗುವ ಅಗ್ಗದ ಮಣಿಗಳಲ್ಲಿ ಒಂದು ದಪ್ಪ, ಒಂದು ತೆಳ್ಳಗೆ, ಒಂದರ ತೂತು ನಡುವಿನಲ್ಲಿಲ್ಲ. ರವಿಕೆಯ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದರ ಪಕ್ಕ ಒಂದು ಸಾಲು ತುಂಬುವಾಗ ಮಾತ್ರ ಗೆರೆ ಕುಡಿದವರಂತೆ ತೂರಾಡುತ್ತದೆ. ಹೀಗಾಗಿ ತಲೆ ಮತ್ತು ಮೈಗೆ ಜಪಾನಿನ ಮಿಯುಕಿ, ಬಾಲಕ್ಕೆ ಜೆಕ್ ದೇಶದ ಪ್ರೆಸಿಯೋಸ ಮಣಿಗಳನ್ನು ಕೊಂಡೆ. ಮಣಿಯ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ಮಣಿ ಸಣ್ಣದು: 8ರದ್ದು ಸುಮಾರು 3 ಮಿಲಿಮೀಟರ್, 11ರದ್ದು ಸುಮಾರು 2, 15ರದ್ದು ಒಂದೂವರೆ. ಜಪಾನಿನವು ಅಳತೆಗೆ ನಿಷ್ಠ. ಜೆಕ್ ಮಣಿಗಳು ತುಸು ಚಪ್ಪಟೆ, ಸ್ವಲ್ಪ ಹೆಚ್ಚುಕಡಿಮೆ. ನೀರಿಗೆ ಆ ಹೆಚ್ಚುಕಡಿಮೆಯೇ ಚೆನ್ನ ಎಂದು ನನ್ನ ಲೆಕ್ಕ.

ಕೊಂಡು ತಂದ ಹದಿನಾಲ್ಕು ಬಣ್ಣಗಳನ್ನು ಪರೀಕ್ಷೆ ಮಾಡದೆ ಬಳಸಬಾರದೆಂಬ ಬುದ್ಧಿ ನನಗೆ ಹಿಂದೊಮ್ಮೆ ಪೆಟ್ಟು ತಿಂದು ಬಂದದ್ದು. ಆ ಸಲ ಗುಲಾಬಿ ಮಣಿಯ ಬಣ್ಣ ಬೆವರಿಗೆ ಬಿಟ್ಟು, ಕೆನೆಬಣ್ಣದ ರವಿಕೆಯ ಕಂಕುಳು ಕೆಂಪಾಗಿತ್ತು. ಗಾಜಿನಲ್ಲಿಯೇ ಬಣ್ಣವಿರುವ ಮಣಿ ಏನು ಮಾಡಿದರೂ ಮಾಸುವುದಿಲ್ಲ. ಮೇಲೆ ಬಣ್ಣ ಬಳಿದದ್ದು ಅಥವಾ ತೂತಿನೊಳಗೆ ಬಣ್ಣ ಸವರಿದ್ದು ಕೈ ಕೊಡಬಹುದು, ಬೆಳ್ಳಿಯ ಲೇಪ ಒಳಗಿದ್ದರೆ ಕಾಲ ಕಳೆದಂತೆ ಕಪ್ಪಾಗಬಹುದು. ಪ್ರತಿ ಬಣ್ಣದ ಮೂವತ್ತು ಮಣಿಗಳನ್ನು ದಾರಕ್ಕೆ ಪೋಣಿಸಿ, ಅರ್ಧಕ್ಕೆ ಅಡುಗೆಮನೆಯ ಫಾಯಿಲ್ ಸುತ್ತಿ, ತಾರಸಿಯ ಮೇಲೆ ಎರಡು ವಾರ ಬಿಸಿಲಿಗಿಟ್ಟೆ. ಇನ್ನಷ್ಟನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ರಾತ್ರಿ ಕಟ್ಟಿಟ್ಟೆ, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿ ಉಜ್ಜಿದೆ. ನೇರಳೆ ಬಣ್ಣದ ಎರಡು ಮತ್ತು ಹಸಿರಿನ ಒಂದು ಸೋತವು. ನನಗೆ ಬಹಳ ಇಷ್ಟವಾಗಿದ್ದ ನೇರಳೆಯೇ ಫಾಯಿಲ್ ತೆಗೆದಾಗ ಅರ್ಧ ಬೂದಿಯಾಗಿತ್ತು.

ತಲೆಯಿಂದ ಆರಂಭಿಸಿದೆ. ಕಲ್ಲಿನಲ್ಲಿ ದವಡೆ ಮುಂದೆ ಬಂದಿರುವುದರಿಂದಲೇ ಅದಕ್ಕೆ ಜೀವ. ಚಪ್ಪಟೆ ಬಟ್ಟೆಯ ಮೇಲೆ ಅದನ್ನು ತರಲು ಫೆಲ್ಟ್ ಬಟ್ಟೆಯ ಮೂರು ಪದರ ಕೊಟ್ಟೆ. ಸಣ್ಣ ಪದರ ಅಡಿಗೆ, ಅದಕ್ಕಿಂತ ದೊಡ್ಡದು ಮೇಲೆ, ಎಲ್ಲಕ್ಕಿಂತ ದೊಡ್ಡದು ಕೊನೆಗೆ. ಹೀಗಿಟ್ಟರೆ ಮೆಟ್ಟಿಲು ಕಾಣದೆ ಇಳಿಜಾರು ನುಣುಪಾಗಿರುತ್ತದೆ. ಅದರ ಮೇಲೆ ಹೊಳಪಿಲ್ಲದ ಬೂದು-ಹಸಿರು ಮಣಿ. ಬಳಪದ ಕಲ್ಲನ್ನು ಕರಿಕಲ್ಲು ಎಂದು ನಾವೆಲ್ಲ ಸುಮ್ಮನೆ ಹೇಳುತ್ತೇವೆ, ಆದರೆ ಸೋಮನಾಥಪುರದ ನೆರಳಿನ ಮಗ್ಗುಲಲ್ಲಿ ನಿಂತು ನೋಡಿದರೆ ಅದರಲ್ಲಿ ಹಸಿರಿದೆ, ನೀಲಿಯಿದೆ, ಸವೆದ ಅಂಚಿನಲ್ಲಿ ಬೂದಿಯ ಬಿಳಿಯಿದೆ. ಒಂದೇ ಬೂದು ಬಣ್ಣ ತುಂಬಿದ್ದರೆ ಸಿಮೆಂಟಾಗುತ್ತಿತ್ತು. ಐದು ಬೂದುಗಳನ್ನು ಒಂದು ತಟ್ಟೆಯಲ್ಲಿ ಕಲಸಿ, ಸೂಜಿಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಹೊಲಿದೆ; ಆರಿಸಿ ಹೊಲಿದಾಗ ಬಾರದ ಕಲ್ಲಿನ ಕಾಂತಿ ಹಾಗೆ ಬಂತು.

ಸೊಂಡಿಲಿಗೆ ಸಾಲುಗಳನ್ನು ಅಡ್ಡಕ್ಕೆ ಹಾಕಬೇಕೋ ಉದ್ದಕ್ಕೋ ಎಂಬುದರಲ್ಲಿ ನಾಲ್ಕು ದಿನ ಹೋಯಿತು. ನಿಜವಾದ ಆನೆಗೆ ಮಡಿಕೆಗಳು ಅಡ್ಡಕ್ಕಿವೆ. ಹಾಗೆಯೇ ಹಾಕಿದಾಗ ಸೊಂಡಿಲು ಸುರುಳಿ ಸುತ್ತಲಿಲ್ಲ, ಮುರಿದು ಜೋಡಿಸಿದ ಕೊಳವೆಯಂತೆ ನಿಂತಿತು. ಬಿಚ್ಚಿ, ಹೊರ ಅಂಚಿನಲ್ಲಿ ಮೊದಲು ಒಂದು ಗೆರೆ ಎಳೆದು, ಅದಕ್ಕೆ ಸಮನಾಗಿ ಒಳಗೊಳಗೆ ಉದ್ದ ಸಾಲುಗಳನ್ನು ತುಂಬಿದೆ. ಹೊರಸಾಲಿಗೆ 11ರ ಮಣಿ, ಒಳಬಾಗಿಗೆ 15ರ ಮಣಿ. ಒಳಬಾಗಿನಲ್ಲಿ ಜಾಗ ಕಡಿಮೆಯಾದಂತೆ ಮಣಿಯೂ ಸಣ್ಣದಾಗಬೇಕು, ಇಲ್ಲದಿದ್ದರೆ ಒಂದನ್ನೊಂದು ತಳ್ಳಿ ಮೇಲಕ್ಕೆ ಏಳುತ್ತವೆ. ಹಲ್ಲುಗಳಿಗೆ ಅಕ್ಕಿ ಮುತ್ತು ತಂದಿದ್ದೆ, ಅಳತೆ ಆರಿಸಿ ಸಮನಾದ ಇಪ್ಪತ್ತನ್ನು ಬೇರೆ ಇಟ್ಟಿದ್ದೆ. ರಂಗನತಿಟ್ಟಿನ ಮೊಸಳೆಯನ್ನು ನೆನೆದು ಆ ಇಪ್ಪತ್ತನ್ನು ಡಬ್ಬಿಗೆ ಹಾಕಿ, ತಿರಸ್ಕರಿಸಿದ್ದ ಸೊಟ್ಟ ಮುತ್ತುಗಳನ್ನು ಬಳಸಿದೆ.

ಕಣ್ಣಿಗೆ 10 ಮಿಲಿಮೀಟರಿನ ಹುಲಿಗಣ್ಣಿನ ಕಲ್ಲು. ಇಂಥ ಕಲ್ಲಿಗೆ ತೂತಿರುವುದಿಲ್ಲ, ಅಂಟಿನ ಮೇಲೆ ಮಾತ್ರ ಭರವಸೆ ಇಡುವಂತಿಲ್ಲ. ಅಂಟಿಸಿ ಒಣಗಿದ ಮೇಲೆ ಕಲ್ಲಿನ ಸುತ್ತ ಬ್ಯಾಕ್‌ಸ್ಟಿಚ್ಚಿನಲ್ಲಿ ಸಮಸಂಖ್ಯೆಯ ಮಣಿಗಳ ಒಂದು ಉಂಗುರ ಹಾಕಿ, ಆ ಮಣಿಗಳ ಮೇಲೆ ಒಂದು ಬಿಟ್ಟು ಒಂದರಂತೆ ಮಣಿ ಹೆಣೆಯುತ್ತ ಗೋಡೆ ಎಬ್ಬಿಸಬೇಕು. ಕೊನೆಯ ಎರಡು ಸುತ್ತನ್ನು 15ರ ಮಣಿಯಲ್ಲಿ ಹೆಣೆದು ದಾರ ಎಳೆದರೆ ಗೋಡೆಯ ಬಾಯಿ ಒಳಕ್ಕೆ ಬಾಗಿ ಕಲ್ಲನ್ನು ಹಿಡಿದುಕೊಳ್ಳುತ್ತದೆ. ನಾನು ಮೊದಲ ಸಲ ಎಬ್ಬಿಸಿದ ಗೋಡೆ ಒಂದು ಸುತ್ತು ಹೆಚ್ಚಾಗಿ ಕಣ್ಣು ಅರ್ಧ ಮುಚ್ಚಿತು. ಅಮ್ಮ ಕಾಫಿ ತಂದಿಟ್ಟವರು ಬಗ್ಗಿ ನೋಡಿ, "ಏನೇ ಇದು, ಮೊಸಳೆಗೆ ಸೊಂಡಿಲು ಬೇರೆ ಅಂಟಿಸಿದ್ದೀಯ, ಅದಕ್ಕೆ ನಿದ್ದೆ ಬೇರೆ ಬಂದಿದೆಯಲ್ಲ" ಎಂದರು. ಒಂದು ಸುತ್ತು ಬಿಚ್ಚಿದೆ. ಮಕರ ಎಚ್ಚರಗೊಂಡಿತು.

ಮೈಯಲ್ಲಿ ಆದ ತಪ್ಪು ಇದಕ್ಕಿಂತ ದುಬಾರಿಯಾಯಿತು. ತಲೆ ಚೆನ್ನಾಗಿ ಬಂದ ಹುಮ್ಮಸ್ಸಿನಲ್ಲಿ ಹೊಟ್ಟೆಯ ಭಾಗವನ್ನು ಒಂದು ಎಳೆ ಬಟ್ಟೆಯೂ ಕಾಣದಂತೆ ಒತ್ತೊತ್ತಾಗಿ ತುಂಬುತ್ತ ಹೋದೆ. ಅಡ್ಡದ ಮೇಲೆ ಇರುವಷ್ಟು ದಿನ ಎಲ್ಲವೂ ಸರಿಯಾಗಿಯೇ ಕಂಡಿತು. ಬೇರೊಂದು ಆರ್ಡರಿಗಾಗಿ ಅಡ್ಡ ಬೇಕಾಗಿ ಬಟ್ಟೆಯನ್ನು ಸಡಿಲಿಸಿದೊಡನೆ ಹೊಟ್ಟೆ ಬಾಣಲೆಯಂತೆ ಉಬ್ಬಿ ನಿಂತಿತು. ಎರಡು ಮಣಿಗಳ ಜಾಗದಲ್ಲಿ ಎರಡೂಕಾಲು ಮಣಿ ತುರುಕಿದರೆ ಬಟ್ಟೆ ಎಲ್ಲಿಗೆ ಹೋದೀತು? ಬಿಗಿಯುವ ದಾರವೂ ಅದನ್ನು ಒಳಕ್ಕೇ ಎಳೆದಿತ್ತು. ಹನ್ನೊಂದು ವರ್ಷದ ಅನುಭವವಿದ್ದವಳಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಆದರೆ ರವಿಕೆಯ ಮೇಲೆ ಯಾರೂ ಇಷ್ಟು ವಿಸ್ತಾರಕ್ಕೆ ಮಣಿ ತುಂಬಿಸುವುದಿಲ್ಲ, ಹಾಗಾಗಿ ಆ ಅರಿವು ಎಂದೂ ಕೈಗೆ ಇಳಿದಿರಲಿಲ್ಲ. ಒಂಬತ್ತು ಸಂಜೆಗಳ ಕೆಲಸವನ್ನು ಕತ್ತರಿಸಿ ತೆಗೆದೆ. ದಾರ ಕತ್ತರಿಸಿದಾಗ ಮಣಿಗಳು ಎಲ್ಲೆಡೆ ಸಿಡಿಯುತ್ತವೆ. ನೆಲದ ಮೇಲಿನ ಮಣಿಗಳನ್ನು ಎತ್ತಲು ಒದ್ದೆ ಬೆರಳಿಗಿಂತ ಒಳ್ಳೆಯ ಉಪಕರಣವಿಲ್ಲ. ಎರಡನೆಯ ಸಲ ಸಾಲಿನಿಂದ ಸಾಲಿಗೆ ಕೂದಲೆಳೆಯಷ್ಟು ಎಡೆ ಬಿಟ್ಟು, ಪ್ರತಿ ಸಾಲು ಮುಗಿದ ಮೇಲೆ ಅದರ ಎಲ್ಲ ಮಣಿಗಳೊಳಗೆ ಇನ್ನೊಮ್ಮೆ ದಾರ ಓಡಿಸಿ ನೇರ ಮಾಡುತ್ತ ಹೋದೆ. ಬೆನ್ನಿನ ಗುಬುಟುಗಳಿಗೆ 8ರ ಮಣಿಗಳನ್ನು ಸಾಲು ಹಿಡಿದು ಕೂರಿಸಿದೆ. ಕಾಲುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಸಿಂಹದ ಕಾಲು ಎಂದು ಹೊರಟದ್ದು ಬೆಕ್ಕಿನ ಕಾಲಾಗಿ ಮುಗಿದಿದೆ, ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಇನ್ನು ಬಾಲ. ಈ ಕೆಲಸವನ್ನು ನಾನು ಹಿಡಿದದ್ದೇ ಬಾಲಕ್ಕಾಗಿ, ಆದರೂ ಅಲ್ಲಿಗೆ ಬಂದಾಗ ಧೈರ್ಯ ಸಾಲಲಿಲ್ಲ. ಬಾಲವೇ ನೀರು ಎಂದು ಸೋಮನಾಥಪುರದಲ್ಲಿ ಕಂಡುಕೊಂಡಿದ್ದರೂ, ನೋಡುವವರಿಗೆ ಅದು ತಿಳಿಯದೆ ಹೋದರೆ ಎಂಬ ಅಳುಕಿನಿಂದ, ಮಕರದ ಹಿಂದೆ ನೀಲಿ ಮಣಿಗಳ ಅಲೆಗಳನ್ನು ಹೊಲಿಯಲು ಶುರು ಮಾಡಿದೆ. ಕಡುನೀಲಿ, ತಿಳಿನೀಲಿ, ನಡುನಡುವೆ ಕೊಳವೆ ಮಣಿ. ಕೊಳವೆ ಮಣಿಯ ಅಂಚು ಬ್ಲೇಡಿನಂತೆ ದಾರ ಕೊಯ್ಯುವುದರಿಂದ ಅದರ ಎರಡೂ ತುದಿಗೆ ಒಂದೊಂದು ಸಣ್ಣ ಮಣಿಯ ಕಾವಲು ಹಾಕಬೇಕು. ಅದನ್ನೂ ಶ್ರದ್ಧೆಯಿಂದ ಮಾಡಿದೆ. ಕಾಲುಭಾಗ ತುಂಬಿದ ಮೇಲೆ ಗೋಡೆಗೊರಗಿಸಿ ಕೋಣೆಯ ಆ ಕಡೆಯಿಂದ ನೋಡಿದರೆ, ಬಚ್ಚಲುಮನೆಯ ಟೈಲ್ಸ್ ಮುಂದೆ ಒಂದು ಪ್ರಾಣಿ ನಿಂತಂತಿತ್ತು. ನೀರು ಹೆಚ್ಚಾದಷ್ಟೂ ಮಕರ ನೀರಿನಿಂದ ಹೊರಗಾಗಿತ್ತು. ಅದೂ ಕತ್ತರಿಗೆ ಹೋಯಿತು. ಈ ಸಲ ಬೇಸರವಾಗಲಿಲ್ಲ, ಬದಲಿಗೆ ಶಿಲ್ಪಿಯ ಮಾತು ಕೇಳದ್ದಕ್ಕೆ ನಾಚಿಕೆಯಾಯಿತು.

ಪಾರದರ್ಶಕ ಮಣಿಗೆ ಸ್ವಂತ ಬಣ್ಣವಿಲ್ಲ. ಅದರ ಅಡಿಯ ಬಟ್ಟೆಯ ಬಣ್ಣ, ಅದರೊಳಗೆ ಹಾಯುವ ದಾರದ ಬಣ್ಣ, ಎರಡೂ ಸೇರಿ ಅದರ ಬಣ್ಣ. ಒಂದೇ ತಿಳಿಗಾಜಿನ ಮಣಿ ಕಡುನೀಲಿ ದಾರದಲ್ಲಿ ಆಳದ ನೀರಿನಂತೆ, ಬೂದು ದಾರದಲ್ಲಿ ಮಳೆಗಾಲದ ಹೊಳೆಯಂತೆ, ಬಿಳಿ ದಾರದಲ್ಲಿ ನಲ್ಲಿಯ ಕೆಳಗಿನ ನೊರೆಯಂತೆ ಕಾಣುತ್ತದೆ. ರವಿಕೆಯ ಕೆಲಸದಲ್ಲಿ ಇದು ನಮಗೆ ತಲೆನೋವು, ಬಟ್ಟೆಗೆ ಹೊಂದುವ ದಾರ ಹುಡುಕಿ ಹುಡುಕಿ ಸಾಕಾಗುತ್ತದೆ. ಇಲ್ಲಿ ಆ ತಲೆನೋವನ್ನೇ ಕೆಲಸಕ್ಕೆ ಹಚ್ಚಿದೆ. ಬಾಲದ ಸುರುಳಿಯಷ್ಟು ಜಾಗದಲ್ಲಿ ಬಟ್ಟೆಗೆ ಮೊದಲು ನೀಲಿ ಬಣ್ಣ ಸವರಿದೆ, ಬುಡದಲ್ಲಿ ದಟ್ಟವಾಗಿ, ತುದಿಗೆ ಹೋದಂತೆ ನೀರು ಬೆರೆಸಿ ತೆಳುವಾಗಿ, ಕೊನೆಯ ಮೂರು ಬೆರಳಿನಷ್ಟು ಬರಿ ಖಾದಿಯಾಗಿ. ಆರು ಬಣ್ಣದ ದಾರಗಳನ್ನು ಆರು ಸೂಜಿಗೆ ಪೋಣಿಸಿಟ್ಟುಕೊಂಡೆ. ಹಿಂಗಾಲಿನ ಬಳಿ ಹೊಳಪಿಲ್ಲದ ಬೂದು ಮಣಿಗಳು ಮುಗಿಯುವಲ್ಲಿ, ಹೊಳಪಿಲ್ಲದ ಆದರೆ ಬೆಳಕು ಹಾಯುವ ಮಣಿಗಳನ್ನು ಒಂದೊಂದಾಗಿ ಸೇರಿಸಿದೆ. ಇವು ಉಸಿರು ಬಿಟ್ಟ ಗಾಜಿನಂತಿರುತ್ತವೆ. ಹತ್ತಕ್ಕೆ ಒಂದು, ಐದಕ್ಕೆ ಒಂದು, ಎರಡಕ್ಕೆ ಒಂದು, ಆಮೇಲೆ ಎಲ್ಲವೂ ಅವೇ. ಅದೇ ಲೆಕ್ಕದಲ್ಲಿ ಅವುಗಳೊಳಗೆ ತಿಳಿಗಾಜಿನ ಮಣಿ.

ಬಾಲದ ಉದ್ದ ಸುರುಳಿಗಳಿಗೆ ಬ್ಯಾಕ್‌ಸ್ಟಿಚ್ ಬಿಟ್ಟು ಕೌಚಿಂಗ್ ಹಿಡಿದೆ. ಮಣಿಗಳನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ಗೆರೆಯ ಮೇಲೆ ಮಲಗಿಸಿ, ಇನ್ನೊಂದು ಸೂಜಿಯಿಂದ ಮೂರು ಮಣಿಗೊಮ್ಮೆ ಆ ದಾರವನ್ನು ಅಡ್ಡಹಾಯ್ದು ಬಟ್ಟೆಗೆ ಕಟ್ಟುವ ಕ್ರಮವಿದು. ಬ್ಯಾಕ್‌ಸ್ಟಿಚ್ಚಿನ ಗೆರೆಯಲ್ಲಿ ನಾಲ್ಕು ನಾಲ್ಕು ಮಣಿಗೆ ಒಂದು ಸಣ್ಣ ತಡೆ ಕಾಣುತ್ತದೆ, ಕೌಚಿಂಗಿನ ಗೆರೆ ಎಲ್ಲೂ ನಿಲ್ಲದೆ ಸುತ್ತುತ್ತದೆ. ಸುರುಳಿಯ ಹೊರಗೆ ಹೋದಂತೆ ಸಾಲುಗಳ ನಡುವಿನ ಎಡೆಯನ್ನು ಹೆಚ್ಚಿಸಿದೆ. ಮೊದಲು ಒಂದು ಮಣಿಯಷ್ಟು, ಆಮೇಲೆ ಎರಡು; ತುದಿಯಲ್ಲಿ ಗೆರೆಗಳೇ ಇಲ್ಲ, ಬಿಳಿ ದಾರದ ಓಟದ ಹೊಲಿಗೆ ಮತ್ತು ಅಲ್ಲೊಂದು ಇಲ್ಲೊಂದು 15ರ ಮಣಿ. ಮಣಿ ಒತ್ತಬಾರದೆಂದು ಹೊಟ್ಟೆ ಕಲಿಸಿದ್ದ ಪಾಠ ಇಲ್ಲಿ ಬೇರೆ ರೀತಿಯಲ್ಲಿ ಒದಗಿತು. ಬಾಲ ಎಲ್ಲಿ ಮುಗಿಯುತ್ತದೆಂದು ನನಗೂ ನಿರ್ಧರಿಸಲಾಗಲಿಲ್ಲ. ಒಂದು ಭಾನುವಾರ ಕೂತಲ್ಲಿಯೇ ಇಪ್ಪತ್ತು ಮಣಿ ಹಾಕಿ ಹದಿನೇಳನ್ನು ತೆಗೆದ ಮೇಲೆ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಕಿಟಕಿಯ ಓರೆಬೆಳಕು ಅಡ್ಡದ ಮೇಲೆ ಬಿದ್ದಿರುವಾಗ ಅಮ್ಮ ಆ ಕೋಣೆಗೆ ಹೋದವರು ನನ್ನನ್ನು ಕೂಗಿದರು. ಅವರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೂ ದೃಷ್ಟಿ ಅಷ್ಟಕ್ಕಷ್ಟೆ. "ಬಟ್ಟೆ ಮೇಲೆ ನೀರು ಚೆಲ್ಲಿದ್ದೀಯಲ್ಲೇ, ಒರೆಸಬಾರದೇ" ಎಂದವರು ಸೆರಗಿನ ತುದಿಯಿಂದ ಬಾಲವನ್ನು ಒತ್ತಿ ನೋಡಿದರು, ಆಮೇಲೆ ಬೆರಳನ್ನು ನೋಡಿಕೊಂಡರು. ನಾನು ಏನೂ ಹೇಳಲಿಲ್ಲ. ಬಾಲಕ್ಕೆ ಇನ್ನೊಂದು ಮಣಿಯನ್ನೂ ಸೇರಿಸಲಿಲ್ಲ.

ಉಳಿದದ್ದು ಬೆನ್ನು ಮುಚ್ಚುವ ಕೆಲಸ. ಮಣಿ ಕೆಲಸದ ಹಿಂಬದಿಯನ್ನು ತೋರಿಸಲು ಯಾರೂ ಒಪ್ಪುವುದಿಲ್ಲ. ಎಲ್ಲಿ ಬಿಚ್ಚಿದ್ದು, ಎಲ್ಲಿ ಗಂಟು ಬಿದ್ದದ್ದು, ಎಲ್ಲಿ ದಾರ ಸಾಲದೆ ಬೇರೆ ಬಣ್ಣ ಕೂಡಿದ್ದು ಎಂಬುದೆಲ್ಲ ಅಲ್ಲಿ ಬಚ್ಚಿಟ್ಟುಕೊಳ್ಳದೆ ಇರುತ್ತದೆ. ಬಟ್ಟೆಯನ್ನು ಅಡ್ಡದಿಂದ ಬಿಡಿಸುವಾಗ ಕೈ ನಡುಗಿತು. ಈ ಸಲ ಎಲ್ಲೂ ಉಬ್ಬಲಿಲ್ಲ, ಮುಂಗಾಲಿನ ಬಳಿ ಒಂದಿಷ್ಟು ಮಾತ್ರ. ಗಟ್ಟಿ ರಟ್ಟಿಗೆ ಎಳೆದು ಕಟ್ಟಿ, ಹಿಂದೆ ಕೆಂಪು ಹತ್ತಿ ಬಟ್ಟೆ ಕೊಟ್ಟು ಸುತ್ತ ಹೊಲಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿ ತಾನು ಕೆತ್ತಿದ ಮೂರ್ತಿಗಳ ಅಡಿಯಲ್ಲಿ ತನ್ನ ಹೆಸರು ಬರೆದಿದ್ದಾನೆ. ಏಳೂವರೆ ಶತಮಾನ ಕಳೆದ ಮೇಲೂ ಅದನ್ನು ಓದಬಹುದು. ನಮ್ಮ ಕಸುಬಿನಲ್ಲಿ ರವಿಕೆಯ ಒಳಮಗ್ಗುಲಿಗೆ ಅಂಗಡಿಯವರ ಚೀಟಿ ಅಂಟಿಸುತ್ತಾರೆಯೇ ಹೊರತು ಹೊಲಿದವರ ಹೆಸರಲ್ಲ. ಕೆಂಪು ಬಟ್ಟೆಯ ಕೆಳಮೂಲೆಯಲ್ಲಿ ನನ್ನ ಹೆಸರಿನ ಮೊದಲಕ್ಷರವನ್ನು, ಉಳಿದಿದ್ದ ಸಮನಾದ ಅಕ್ಕಿ ಮುತ್ತುಗಳಲ್ಲಿ ಒಂಬತ್ತನ್ನು ಬಳಸಿ ಬರೆದೆ.

ಮಣಿ ಎಷ್ಟು ಹಿಡಿಯಿತೆಂದು ತಿಳಿಯುವ ಚಪಲಕ್ಕೆ ಉಳಿದ ಪೊಟ್ಟಣಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. ಸುಮಾರು 65 ಗ್ರಾಂ ಖರ್ಚಾಗಿತ್ತು. 11ರ ಮಣಿ ಗ್ರಾಮಿಗೆ ಸುಮಾರು 110 ಬರುತ್ತದೆ. ಸಣ್ಣವು ದೊಡ್ಡವು ಎಲ್ಲವನ್ನೂ ಅದೇ ಅಳತೆಗೆ ಹಿಡಿದರೆ ಏಳು ಸಾವಿರದ ಮೇಲೆ. ಬಿಚ್ಚಿದ್ದು ಈ ಲೆಕ್ಕದಲ್ಲಿಲ್ಲ. ಸಂಜೆಗೆ ಎರಡು ಗಂಟೆಯಂತೆ ನಾಲ್ಕು ತಿಂಗಳು, ಅದರಲ್ಲಿ ಒಂದು ತಿಂಗಳು ಪೂರ್ತಿ ಬಿಚ್ಚುವುದಕ್ಕೇ ಹೋಯಿತು.

ಗಾಜು ಹಾಕದ ಚೌಕಟ್ಟಿನಲ್ಲಿ ಅದನ್ನು ಮುಂದಿನ ಕೋಣೆಯ ಗೋಡೆಗೆ ತೂಗುಹಾಕಿದ ವಾರದಲ್ಲಿ ಮದುವೆ ರವಿಕೆಗೆಂದು ತಾಯಿ ಮಗಳು ಬಂದರು. ಅಳತೆ ಕೊಟ್ಟು, ಬಣ್ಣ ಆರಿಸಿ, ನವಿಲಿನ ನಮೂನೆಗಳನ್ನು ತಿರುವುತ್ತಿದ್ದ ಹುಡುಗಿ ಗೋಡೆಯ ಕಡೆ ನೋಡಿ, "ಆಂಟಿ, ಅದನ್ನೇ ಎರಡೂ ತೋಳಿಗೆ ಹಾಕಿಕೊಡ್ತೀರಾ?" ಎಂದಳು. ಎಷ್ಟು ಸಂಜೆ ಹಿಡಿಯುತ್ತದೆ, ಎರಡು ತೋಳಿಗೆ ಎಷ್ಟಾಗುತ್ತದೆ ಎಂದು ಬೆರಳು ಮಡಿಸಿ ಹೇಳಿದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ನವಿಲಿಗೆ ಮುಂಗಡ ಕೊಟ್ಟು ಹೋದರು.